ಪೂಜೆಗೆ ಕೂತ ಪತ್ತಲಾ

ನಮ್ಮ ಮಾವ ವ್ಯಾಕ್ಯೂಮ್ ಕ್ಲೀನರಿಗೆ ಕುಂಕುಮ ಇಟ್ಟಾಗ ನಾನು ಏನೂ ಅನ್ನಲಿಲ್ಲ. ಆಯುಧಪೂಜೆಯ ದಿನ ಮನೆಯಲ್ಲಿ ದುಡಿಯುವ ಸಾಮಾನುಗಳಿಗೆಲ್ಲ ಪೂಜೆ ಸಲ್ಲಬೇಕಾದ್ದೇ. ನನ್ನ ಸೈಕಲ್ಲಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ನನ್ನ ಕೈಯಲ್ಲೇ ಸೈಕಲ್ ತಳ್ಳಿಸಿ ಅದನ್ನು ಅಪ್ಪಚ್ಚಿ ಮಾಡಿಸಿದಾಗಲೂ ಸುಮ್ಮನಿದ್ದೆ. ಪಕ್ಕದ ಮನೆಯ ಡಚ್ ಅಜ್ಜಿ ಕಿಟಕಿಯಿಂದ ಇದನ್ನು ನೋಡಿ, ಸೈಕಲ್ಲಿಗೇನೋ ತೊಂದರೆಯಾಗಿದೆ ಎಂದುಕೊಂಡು ಎಣ್ಣೆಯ ಡಬ್ಬಿ ಹಿಡಿದು ಬಂದರು. ಮಾವ ಆ ಡಬ್ಬಿಗೂ ಒಂದು ಬೊಟ್ಟು ಇಟ್ಟು, ಕೈಮುಗಿದು ಕಳಿಸಿದರು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಜುಬ್ಬದ ಜೇಬಿನಲ್ಲಿ ಕುಂಕುಮ, ಅಕ್ಷತೆಯ ಪೊಟ್ಟಣ ಇನ್ನೂ ಉಳಿದಿತ್ತು, ಅವತ್ತು ಮಧ್ಯಾಹ್ನ ನಾನು ಅವರನ್ನು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗುವುದಿತ್ತು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ, ನಾವು ಹಾಲೆಂಡಿನಲ್ಲಿದ್ದೆವು. ನನ್ನ ಗಂಡ ನೂರ್ಡ್‌ವೈಕ್‌ನಲ್ಲಿ ಉಪಗ್ರಹಗಳ ಸಾಫ್ಟ್‌ವೇರ್ ಬರೆಯುವ ಒಂದು ಸಣ್ಣ ಕಂಪನಿಯಲ್ಲಿದ್ದ. ಎರಡು ಸಾವಿರನೇ ಇಸವಿ ಹುಟ್ಟಿದ ಕೂಡಲೇ ಕಂಪ್ಯೂಟರುಗಳಿಗೆಲ್ಲ ಬುದ್ಧಿಭ್ರಮಣೆಯಾಗುತ್ತದೆ ಎಂದು ಜಗತ್ತೇ ನಂಬಿದ್ದ ದಿನಗಳು. ಅದನ್ನು ತಪ್ಪಿಸಲು ಹೊರಟ ಪುಣ್ಯಾತ್ಮರಲ್ಲಿ ಇವನೂ ಒಬ್ಬ. ನನ್ನ ಪರ್ಮಿಟ್ಟಿನಲ್ಲಿ ಸಂಬಳಕ್ಕೆ ದುಡಿಯುವಂತಿಲ್ಲ ಎಂದಿತ್ತು. ಮೈಸೂರಿನಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮಾಡಿ ಬಂದವಳು ನಾನು. ಕಿಟಕಿಯಲ್ಲಿ ಕೂತು ಗಾಳಿ ನೋಡುತ್ತಿದ್ದರೆ ನನಗೂ ಬುದ್ಧಿಭ್ರಮಣೆಯಾಗುತ್ತದೆ ಎಂದು ಮೊದಲ ಚಳಿಗಾಲದಲ್ಲೇ ಗೊತ್ತಾಯಿತು. ಬಸ್ಸಿನಲ್ಲಿ ಹೋಗಿಬರುವಷ್ಟು ದೂರದ ಊರಿನಲ್ಲಿ ದೇಶವಿದೇಶದ ವಸ್ತುಗಳನ್ನಿಟ್ಟ ಒಂದು ಮ್ಯೂಸಿಯಮ್ ಇತ್ತು. ಸಂಬಳ ಕೇಳದವರನ್ನು ಅವರು ಸಂತೋಷದಿಂದ ಸೇರಿಸಿಕೊಳ್ಳುತ್ತಿದ್ದರು. ನಾನೂ ಸೇರಿಕೊಂಡೆ.

ನನಗೆ ಕೊಟ್ಟ ಕೆಲಸ ಒಂದು ಬರ್ಮಾ ವಾದ್ಯದ ಧೂಳು ತೆಗೆಯುವುದು. ಪತ್ತಲಾ ಎಂದು ಅದರ ಹೆಸರು. ದೋಣಿಯಂತೆ ಎರಡೂ ತುದಿ ಮೇಲೆ ಬಾಗಿದ ತೇಗದ ಪೆಟ್ಟಿಗೆ, ಮೈಮೇಲೆ ಕೆಂಪು ಅರಗು, ಅಲ್ಲಲ್ಲಿ ಉಳಿದುಕೊಂಡ ಚಿನ್ನದ ಬಣ್ಣ. ಅದರ ಬಾಯಿಯ ಮೇಲೆ ಉದ್ದದಿಂದ ಗಿಡ್ಡಕ್ಕೆ ಇಳಿಯುತ್ತಾ ಬರುವ ಮರದ ಪಟ್ಟಿಗಳು, ಎರಡು ಹುರಿಗಳಲ್ಲಿ ಸಾಲಾಗಿ ತೂಗಿಕೊಂಡಿದ್ದವು. ಅವನ್ನು ಎರಡು ಕೋಲುಗಳಿಂದ ಬಡಿದು ನುಡಿಸುತ್ತಾರಂತೆ. ಅಂತೆ ಯಾಕೆಂದರೆ, ಆ ಕಟ್ಟಡದಲ್ಲಿ ಅದರ ದನಿ ಕೇಳಿದವರು ಒಬ್ಬರೂ ಇರಲಿಲ್ಲ. ತಾತನ ಕಾಲದಲ್ಲಿ ಹಡಗಿನಲ್ಲಿ ಬಂದದ್ದು, ಬಂದ ದಿನದಿಂದ ಯಾರೂ ಅದಕ್ಕೆ ಕೋಲು ತಾಗಿಸಿಲ್ಲ.

ಅಲ್ಲಿಯ ಕೆಲಸದ ಶೈಲಿಗೆ ಒಗ್ಗಿಕೊಳ್ಳಲು ನನಗೆ ಬಹಳ ಕಷ್ಟವಾಯಿತು. ವಸ್ತುಗಳನ್ನು ಕಾಪಾಡುವ ಜವಾಬ್ದಾರಿಯ ಒಬ್ಬ ಸಂರಕ್ಷಕಿ ಇದ್ದರು. ಐವತ್ತರ ಆಸುಪಾಸು, ಬೆಳ್ಳಗಿನ ಗಿಡ್ಡ ಕೂದಲು, ಮಾತು ಕಡಿಮೆ. ಬಿಳಿ ಕೈಗವಸು ಹಾಕಿಕೊಂಡು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೆತ್ತನೆಯ ಬ್ರಷ್ಷಿನಿಂದ ವಾರಕ್ಕೆ ಒಂದು ಪಟ್ಟಿ ಒರೆಸಬೇಕು ಎಂದು ಅವರ ಆಜ್ಞೆ. ಮೊದಲ ವಾರ ನಾನು ಕಾಫಿಯ ಹೊತ್ತಿಗೇ ಪಟ್ಟಿ ಮುಗಿಸಿ ಮುಂದಿನದಕ್ಕೆ ಕೈಹಾಕಿದೆ. ಅವರು ಬಯ್ಯಲಿಲ್ಲ. ಅದೇ ಪಟ್ಟಿಯನ್ನು ಇನ್ನೊಮ್ಮೆ, ಇನ್ನೂ ನಿಧಾನವಾಗಿ ಒರೆಸಲು ಹೇಳಿದರು. ನಮ್ಮಮ್ಮ ಅದೇ ಹೊತ್ತಿನಲ್ಲಿ ಇಡೀ ಅಟ್ಟ ಖಾಲಿ ಮಾಡಿ, ತೊಳೆದು, ಪಾತ್ರೆಯನ್ನೆಲ್ಲ ವಾಪಸ್ಸು ಜೋಡಿಸಿರುತ್ತಿದ್ದಳು.

ಇನ್ನು ಮಾವನ ವಿಷಯ. ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು. ಮೈಸೂರಿನ ಮಾರ್ಕೆಟ್ಟಿನಲ್ಲಿ ಅವರು ಕಾಣಿಸಿಕೊಂಡರೆ ತಕ್ಕಡಿಗಳು ತಾವಾಗಿಯೇ ಸಮಕ್ಕೆ ಬರುತ್ತಿದ್ದವು ಎಂದು ಜನ ತಮಾಷೆ ಮಾಡುತ್ತಿದ್ದರು. ಸುಳ್ಳು ಅವರ ನಾಲಿಗೆಗೆ ಬರುವುದಿಲ್ಲ, ಸಂಗೀತ ಕಿವಿಗೆ ಹೋಗುವುದಿಲ್ಲ. ನಮ್ಮತ್ತೆ ವೀಣೆ ಪಾಠ ಹೇಳುತ್ತಿದ್ದವರು. ಇವರ ಮುಂದೆ ರಾಗದ ಮಾತು ಆಡುವುದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸುವುದೂ ಒಂದೇ ಎಂದು ಇವರೆದುರಿಗೇ ನಗುತ್ತಿದ್ದರು. ಇವರೂ ಅದನ್ನು ಒಪ್ಪಿಕೊಂಡು ತಲೆಯಾಡಿಸುತ್ತಿದ್ದರು, ಅದೂ ತಾಳ ತಪ್ಪಿ.

ಅತ್ತೆ ತೀರಿಕೊಂಡದ್ದು ನವರಾತ್ರಿಯಲ್ಲೇ. ನವಮಿಯ ದಿನ ವೀಣೆಯನ್ನು ಪುಸ್ತಕಗಳ ಜೊತೆ ಪೂಜೆಗೆ ಇಟ್ಟರು. ಪೂಜೆಗೆ ಕೂತ ಪುಸ್ತಕವನ್ನು ಓದುವಂತಿಲ್ಲ, ವಾದ್ಯವನ್ನು ಮುಟ್ಟುವಂತಿಲ್ಲ. ಮರುದಿನ ದಶಮಿಗೆ ವಿಸರ್ಜನೆ ಮಾಡಿ, ಪುಸ್ತಕದಲ್ಲಿ ನಾಲ್ಕು ಸಾಲು ಓದಬೇಕು, ವಾದ್ಯವನ್ನು ಒಂದಿಷ್ಟಾದರೂ ನುಡಿಸಬೇಕು, ಆಮೇಲೇ ಊಟ. ಯಾವ ಶಾಸ್ತ್ರದಲ್ಲಿದೆಯೋ ನಾನು ಕಾಣೆ, ಅತ್ತೆಯ ತವರಿನಿಂದ ಬಂದ ಪದ್ಧತಿ. ಆ ದಶಮಿಯ ಬೆಳಿಗ್ಗೆ ಅತ್ತೆ ಏಳಲೇ ಇಲ್ಲ. ವೀಣೆ ಪೂಜೆಯಲ್ಲೇ ಉಳಿಯಿತು. ಇಟ್ಟವಳು ಎತ್ತಬೇಕು, ಬೇರೆಯವರು ಮುಟ್ಟಕೂಡದು ಎಂದು ಮಾವ ಹೇಳಿಬಿಟ್ಟರು. ನಾದಿನಿಯ ಮನೆಯಲ್ಲಿ, ಅತ್ತೆ ಮಾವ ಇದ್ದದ್ದೂ ಅಲ್ಲೇ, ದೇವರ ಕೋಣೆಯ ಮೂಲೆಯಲ್ಲಿ ಅದು ಎರಡು ವರ್ಷದಿಂದ ಒಣಗಿದ ಹಾರ ಹಾಕಿಕೊಂಡು ಹಾಗೇ ಕೂತಿತ್ತು. ನಾದಿನಿ ಅದರ ಸುತ್ತ ಗುಡಿಸುತ್ತಿದ್ದಳು. ನನ್ನ ಗಂಡನಂತೂ ಆ ಮಾತು ಬಂದರೆ ಎದ್ದು ಹೋಗಿ ನೀರು ಕುಡಿಯುತ್ತಿದ್ದ.

ಆ ವರ್ಷ ಮಾವ ಮೂರು ತಿಂಗಳ ವೀಸಾದ ಮೇಲೆ ನಮ್ಮಲ್ಲಿಗೆ ಬಂದಿದ್ದರು. ಬಂದ ವಾರದಲ್ಲೇ ಸೂಪರ್ ಮಾರ್ಕೆಟ್ಟಿನ ತಕ್ಕಡಿಯನ್ನು ಬಗ್ಗಿ ನೋಡಿ, ಸರಿಯಾಗಿದೆ ಎಂದು ಅಲ್ಲಿದ್ದವರಿಗೆ ತಿಳಿಸಿ ಬಂದರು.

ಆಯುಧಪೂಜೆಯ ದಿನವೇ ನಮ್ಮ ಮ್ಯೂಸಿಯಮ್ಮಿನಲ್ಲಿ ಪುಕ್ಕಟೆ ದುಡಿಯುವವರ ಮನೆಯವರಿಗೆಂದು ಒಂದು ಕಾಫಿ ಕೂಟವಿತ್ತು. ಸಾಮಾನ್ಯ ಜನ ಹೋಗದ ಉಗ್ರಾಣವನ್ನು ತೋರಿಸುತ್ತಾರೆ. ಮಾವ ಬಿಳಿ ಪಂಚೆ, ಜುಬ್ಬ, ಅದರ ಮೇಲೆ ಮಗನ ಹಳೇ ಸ್ವೆಟರ್, ಅದರ ಮೇಲೆ ಕೋಟು ಹಾಕಿಕೊಂಡು ಬಂದರು. ಪತ್ತಲಾ ಚಕ್ರದ ಮೇಜಿನ ಮೇಲೆ ಹೊರಗೇ ಇತ್ತು. ದಿನಾ ಕೆಲಸ ಮಾಡೋದು ಇದರ ಮೇಲೇನಾ ಎಂದು ಕೇಳಿದರು. ನಾನು ಹೌದು ಎಂದು ಹೇಳಿ ಕಾಫಿ ತರಲು ಹೋದೆ. ನನ್ನ ಬುದ್ಧಿಗೆ ಆ ಪ್ರಶ್ನೆಯ ಅರ್ಥ ಹೊಳೆಯಬೇಕಾಗಿತ್ತು.

ಕಾಫಿ ಹಿಡಿದು ವಾಪಸ್ಸು ಬರುವಷ್ಟರಲ್ಲಿ ದೋಣಿಯ ಮೂತಿಯ ಮೇಲೆ ಅಚ್ಚುಕಟ್ಟಾದ ಒಂದು ಕುಂಕುಮದ ಬೊಟ್ಟು ಬಿದ್ದಿತ್ತು. ಪಟ್ಟಿಗಳ ಸಂದಿಯಲ್ಲಿ ಅಕ್ಷತೆ ಕಾಳು. ಮಾವ ಕಣ್ಣುಮುಚ್ಚಿ ಸರಸ್ವತಿಯ ಶ್ಲೋಕ ಹೇಳುತ್ತಿದ್ದರು. ಎದುರಿಗೆ ಸಂರಕ್ಷಕಿ ಕೈಗವಸಿನ ಎರಡೂ ಕೈ ಮೇಲೆತ್ತಿಕೊಂಡು ನಿಂತಿದ್ದರು. ಶ್ಲೋಕ ಮುಗಿಯುವವರೆಗೂ ಅವರು ಕಾದದ್ದನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ.

ಆಮೇಲೆ ಶುರುವಾಯಿತು. ಕುಂಕುಮ ಇರಲಿ, ಅದನ್ನು ಆಮೇಲೆ ನೋಡೋಣ, ಅಕ್ಕಿಯೇ ಅಪಾಯ ಎಂದರು. ಅಕ್ಕಿ ಇದ್ದರೆ ಹುಳು ಬರುತ್ತದೆ, ಹುಳು ಬಂದರೆ ಉಗ್ರಾಣವೇ ಹೋಗುತ್ತದೆ. ಅವರ ನಿಯಮದ ಪ್ರಕಾರ ಧಾನ್ಯ ತಾಗಿದ ವಸ್ತುವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ದೊಡ್ಡ ಫ್ರೀಜರಿನಲ್ಲಿ ಮೂರು ವಾರ ಇಡಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕಾಳುಗಳನ್ನು ನಾನೇ ಹೆಕ್ಕಿ ಕೊಡುತ್ತೇನೆ ಎಂದೆ. ಕಂಡ ಕಾಳು ಹೆಕ್ಕಬಹುದು, ಕಾಣದ ಕಾಳು ಏನು ಮಾಡುತ್ತೀಯ ಎಂದರು. ಮರುದಿನ ಸಂಜೆ ಫ್ರೀಜರಿಗೆ ಎಂದು ತೀರ್ಮಾನವಾಯಿತು.

ಬಸ್ಸಿನಲ್ಲಿ ಮಾವನಿಗೆ ಇದನ್ನು ಹೇಳಿದೆ. ಅಕ್ಷತೆ ಹಾಕಿದ್ದು ತಪ್ಪಾಯಿತು ಎಂದು ಮೊದಲು ಒಪ್ಪಿಕೊಂಡರು. ಆಮೇಲೆ, ಇರಲಿ, ನಾಳೆ ಅದನ್ನು ಯಾರು ನುಡಿಸುತ್ತಾರೆ ಎಂದು ಕೇಳಿದರು. ಯಾರೂ ನುಡಿಸುವುದಿಲ್ಲ, ಅಲ್ಲಿ ಯಾವ ವಾದ್ಯವನ್ನೂ ನುಡಿಸುವಂತಿಲ್ಲ ಎಂದೆ. ಅವರ ಮುಖ ಇಳಿದುಹೋಯಿತು. ನಮ್ಮ ಸ್ಟಾಪ್ ಬರುವವರೆಗೂ ಕೈಯಲ್ಲಿದ್ದ ಖಾಲಿ ಪೊಟ್ಟಣವನ್ನು ಮಡಿಸುತ್ತಾ ಬಿಚ್ಚುತ್ತಾ ಕೂತಿದ್ದರು.

ದಶಮಿಯ ಬೆಳಿಗ್ಗೆ ನಾನು ಒಬ್ಬಟ್ಟು ಮಾಡಿದೆ. ಮಾವ ಪುಸ್ತಕಗಳ ವಿಸರ್ಜನೆ ಮಾಡಿದರು, ವ್ಯಾಕ್ಯೂಮ್ ಕ್ಲೀನರನ್ನು ಒಂದು ನಿಮಿಷ ಓಡಿಸಿದರು, ಎಲೆಯ ಮುಂದೆ ಮಾತ್ರ ಕೂರಲಿಲ್ಲ. ಆ ವಾದ್ಯ ನುಡಿಯುವವರೆಗೆ ತನಗೆ ಊಟವಿಲ್ಲ ಎಂದರು. ಅವರಿಗೆ ಸಕ್ಕರೆ ಕಾಯಿಲೆ. ಊಟವಿಲ್ಲದೆ ಮಾತ್ರೆ ನುಂಗಿದರೆ ತಲೆಸುತ್ತು, ಮಾತ್ರೆ ಬಿಟ್ಟರೆ ಸಕ್ಕರೆ ಏರುತ್ತದೆ. ಅತ್ತ ದರಿ ಇತ್ತ ಪುಲಿ. ಮೂರು ವಾರ ವಾದ್ಯ ಫ್ರೀಜರಿನಲ್ಲಿದ್ದರೆ ಇವರು ಎಲ್ಲಿರುತ್ತಾರೆ? ಬಾಳೆಹಣ್ಣಾದರೂ ತಿನ್ನಿ ಎಂದೆ. ಹಣ್ಣೂ ಊಟವೇ ಎಂದರು. ಕಾಫಿ ಊಟವಲ್ಲವಂತೆ. ಕಾಫಿ ಮಾತ್ರ ಎರಡು ಸಲ ಕುಡಿದರು.

ನನ್ನ ಗಂಡ ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ.

"ಅಪ್ಪ ಹೇಳೋದೂ ಸರಿ, ಮ್ಯೂಸಿಯಮ್‌ನವರು ಹೇಳೋದೂ ಸರಿ ಕಣೆ. ಇಬ್ರಿಗೂ ಅವ್ರವ್ರ ಪ್ರೊಸೀಜರ್ ಇದೆ."

"ನಿನ್ನ ಸ್ಯಾಟಲೈಟ್‌ಗೂ ಹಿಂಗೇ ಹೇಳ್ತೀಯಾ? ಮೇಲಿರೋದೂ ಸರಿ, ಕೆಳಗೆ ಬೀಳೋದೂ ಸರಿ ಅಂತ?"

ಅವನು ಎದ್ದು ನೀರು ಕುಡಿಯಲು ಹೋದ. ಅಲ್ಲಿಂದ ಹಾಗೇ ಸೈಕಲ್ ಹತ್ತಿ ಆಫೀಸಿಗೂ ಹೋದ. ನನಗೆ ಬಂದ ಸಿಟ್ಟಿಗೆ ಒಬ್ಬಟ್ಟಿನ ಕಾವಲಿ ಎತ್ತಿ ಹಾಕಬೇಕೆನಿಸಿತು. ಹಾಕಲಿಲ್ಲ. ಮ್ಯೂಸಿಯಮ್ಮಿನ ಮೇಲ್ವಿಚಾರಕರಿಗೆ ಫೋನ್ ಮಾಡಿದೆ.

ಈ ಮೇಲ್ವಿಚಾರಕರು ಒಳ್ಳೆಯ ಮನುಷ್ಯ. ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ, ದಪ್ಪನೆಯ ಡೈರಿಯಿಲ್ಲದೆ ಓಡಾಡುವವರಲ್ಲ. ಆ ದೇಶದಲ್ಲಿ ಡೈರಿಯಲ್ಲಿ ಜಾಗವಿಲ್ಲದಿದ್ದರೆ ಸಾವೂ ಮುಂದಿನ ವಾರಕ್ಕೆ ಹೋಗುತ್ತದೆ ಎಂದು ನಾವು ಹೇಳಿಕೊಳ್ಳುತ್ತಿದ್ದೆವು. ನನ್ನ ಮಾತು ಕೇಳಿಸಿಕೊಂಡು, ಪುಟ ಮಗುಚಿ, ಮುಂದಿನ ತಿಂಗಳ ನಡುವಿನಲ್ಲಿ ಇದನ್ನು ಚರ್ಚಿಸಬಹುದು ಎಂದರು. ಅಲ್ಲಿಯವರೆಗೆ ನಮ್ಮ ಮಾವ ಊಟ ಮಾಡುವುದಿಲ್ಲ ಎಂದೆ. ಆ ಕಡೆ ಡೈರಿ ಮುಚ್ಚಿದ ಸದ್ದಾಯಿತು. ಆಮೇಲೆ ಬಹಳ ಮೆಲ್ಲಗೆ, ಇವತ್ತು ಎರಡು ಗಂಟೆಗೆ ಬರಬಹುದೇ ಎಂದು ಕೇಳಿದರು.

ಯಾಕೆ ಅಷ್ಟು ಬೇಗ ಎಂದು ಅಲ್ಲಿ ಹೋದಮೇಲೆ ತಿಳಿಯಿತು. ಮೇಜಿನ ಒಂದು ಕಡೆ ಮೇಲ್ವಿಚಾರಕರು ಮತ್ತು ಸಂರಕ್ಷಕಿ, ಇನ್ನೊಂದು ಕಡೆ ನಾವಿಬ್ಬರು. ಕಾಫಿ ಬಂತು, ಬಿಸ್ಕತ್ತಿನ ಡಬ್ಬಿ ಬಂತು. ಡಬ್ಬಿ ತೆರೆಯುತ್ತಾರೆ, ತಲೆಗೊಂದು ಬಿಸ್ಕತ್ತು ತೆಗೆದುಕೊಳ್ಳಬೇಕು, ಡಬ್ಬಿ ಮುಚ್ಚುತ್ತಾರೆ. ಮಾವ ಕೈಮುಗಿದು ಬೇಡವೆಂದರು. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಲ್ವಿಚಾರಕರು ಗಂಟಲು ಸರಿಮಾಡಿಕೊಂಡು, ಇದು ಸತ್ಯಾಗ್ರಹವೇ ಎಂದು ಕೇಳಿದರು. ಪತ್ರಿಕೆಯವರಿಗೆ ಹೇಳಿದ್ದೀರಾ ಎಂದೂ ಕೇಳಿದರು. ಬಿಳಿ ಪಂಚೆಯ ಮುದುಕರೊಬ್ಬರು ಮ್ಯೂಸಿಯಮ್ಮಿನಲ್ಲಿ ಉಪವಾಸ ಕೂತ ಫೋಟೋ ಆಗಲೇ ಅವರ ಕಣ್ಣಮುಂದೆ ಬಂದಿತ್ತು. ಹೌದು ಎಂದುಬಿಟ್ಟಿದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಮಾವ ತಮ್ಮ ಇಲಾಖೆಯ ಇಂಗ್ಲಿಷಿನಲ್ಲಿ, ಅಂಥದ್ದೇನೂ ಇಲ್ಲ, ತಮಗೆ ನಿಜವಾಗಿಯೂ ಹಸಿವಾಗಿದೆ, ತಿನ್ನುವ ಹಾಗಿಲ್ಲ ಅಷ್ಟೇ ಎಂದು ವಿವರಿಸಿದರು.

ಮೇಲ್ವಿಚಾರಕರು ಧೈರ್ಯ ತಂದುಕೊಂಡರು. ಒಂದು ವಸ್ತು ಯಾವ ಜನರದ್ದೋ ಆ ಜನ ಬಂದು ತಮ್ಮ ವಿಧಿ ಮಾಡಬೇಕೆಂದರೆ ಮ್ಯೂಸಿಯಮ್ ದಾರಿ ಮಾಡಿಕೊಡಬೇಕು ಎಂದು ತಮ್ಮಲ್ಲಿ ಹೊಸ ನಿಯಮವಿದೆ ಎಂದರು. ಆದರೆ ಈ ಸ್ವಾಮಿಯವರು, ಅಂದರೆ ನಮ್ಮ ಮಾವ, ಬರ್ಮಾದವರಲ್ಲ. ಬರ್ಮಾಕ್ಕೆ ಹೋಗಿದ್ದೀರಾ? ಇಲ್ಲ. ನೆಂಟರು? ಇಲ್ಲ. ಛಾವಣಿ ನೋಡುತ್ತಿದ್ದ ಆ ಮನುಷ್ಯನ ಮುಖ ಇದ್ದಕ್ಕಿದ್ದಂತೆ ಅರಳಿತು. ಈ ವಾದ್ಯ ಇಲ್ಲಿಗೆ ಬಂದ ಕಾಲದಲ್ಲಿ ಬರ್ಮಾ ಬ್ರಿಟಿಷ್ ಇಂಡಿಯಾದ ಒಂದು ಭಾಗವಾಗಿತ್ತು. ಸ್ವಾಮಿಯವರು ಹುಟ್ಟಿದಾಗಲೂ ಹಾಗೇ ಇತ್ತು. ಅಂದಮೇಲೆ ವಾದ್ಯವೂ ಇವರೂ ಒಂದೇ ದೇಶದಲ್ಲಿ ಹುಟ್ಟಿದವರು. ನನಗೆ ಎದ್ದು ಆ ಉದ್ದನೆಯ ಕೈ ಕುಲುಕಬೇಕೆನಿಸಿತು.

"ಇಲ್ಲ ಸರ್, ಅದು ತಪ್ಪಾಗುತ್ತೆ," ಎಂದರು ಮಾವ. ತಾವು ಹುಟ್ಟಿದ್ದು ಮೈಸೂರು ಸಂಸ್ಥಾನದಲ್ಲಿ, ಮಹಾರಾಜರ ಆಳ್ವಿಕೆ, ಬ್ರಿಟಿಷರ ನೇರ ಆಡಳಿತಕ್ಕೆ ಸೇರಿದ್ದಲ್ಲ, ಎರಡಕ್ಕೂ ವ್ಯತ್ಯಾಸವಿದೆ ಎಂದು ಸಾವಧಾನವಾಗಿ ಹೇಳತೊಡಗಿದರು. ಮೇಜಿನ ಕೆಳಗೆ ನಾನು ಕಾಲಿನಿಂದ ಎಚ್ಚರಿಸಲು ನೋಡಿದೆ. ಕಾಲು ಹೋಗಿ ಮೇಲ್ವಿಚಾರಕರಿಗೆ ಬಡಿಯಿತು. ಅವರು ನನ್ನ ಕ್ಷಮೆ ಕೇಳಿದರು.

ಡೈರಿಯ ಕಡೆ ಮೇಲ್ವಿಚಾರಕರ ಕೈ ಹೋಗುತ್ತಿತ್ತು. ಆಗ ಅಲ್ಲಿಯವರೆಗೆ ಬಾಯಿಬಿಡದಿದ್ದ ಸಂರಕ್ಷಕಿ, ನುಡಿಸದೆ ಹಾಗೇ ಬಿಟ್ಟರೆ ಏನಾಗುತ್ತದೆ ಎಂದು ಮಾವನನ್ನು ನೇರವಾಗಿ ಕೇಳಿದರು. ಮಾವ ಇಂಗ್ಲಿಷಿನಲ್ಲಿ ಶುರುಮಾಡಿ, ನಿಲ್ಲಿಸಿ, ನನ್ನ ಕಡೆ ತಿರುಗಿದರು.

"ನೀನೇ ಹೇಳಮ್ಮ ಅವ್ರಿಗೆ. ಮನೇಲಿ ಒಂದು ವೀಣೆ ಹಂಗೇ ಕೂತಿದೆ. ಅದನ್ನ ಇಟ್ಟೋಳು ಅವಳು, ನನ್ ಕೈಲಿ ಏನೂ ಮಾಡಕ್ಕಾಗ್ಲಿಲ್ಲ. ಇದನ್ನ ಇಟ್ಟೋನು ನಾನು. ಇದೂ ಹಂಗೇ ಕೂತ್‌ಬಿಟ್ರೆ, ಎರಡೆರಡು ಕೂತಿವೆ ಅಂತ ದಿನಾ ಅನ್ಕೊಂಡು ಹೆಂಗಮ್ಮ ಇರ್ಲಿ?"

ನಾನು ಅದನ್ನು ಹೇಳಿದೆ. ಅತ್ತೆಯ ವಿಷಯವನ್ನೂ, ಆ ದಶಮಿಯ ಬೆಳಗನ್ನೂ ಹೇಳಬೇಕಾಯಿತು. ನನಗೆ ಅತ್ತೆಯ ಮೇಲೆ ಬಹಳ ಪ್ರೀತಿಯಿತ್ತು, ಅದನ್ನು ನಾನು ಯಾರ ಮುಂದೂ ಹೀಗೆ ಕೂತು ಹೇಳಿರಲಿಲ್ಲ.

ಸಂರಕ್ಷಕಿ ಬಿಸ್ಕತ್ತಿನ ಡಬ್ಬಿಯ ಮುಚ್ಚಳವನ್ನು ಬೆರಳಿನಿಂದ ತಿರುಗಿಸುತ್ತಾ ಯೋಚಿಸಿದರು. ಆಮೇಲೆ ಮೇಲ್ವಿಚಾರಕರಿಗೆ ತಮ್ಮ ತರ್ಕ ಮಂಡಿಸಿದರು. ವಾದ್ಯ ಬರ್ಮಾದ್ದೇ, ಒಪ್ಪಿದೆ. ಆದರೆ ಈಗ ಅರ್ಧಕ್ಕೆ ನಿಂತಿರುವ ವಿಧಿ ಬರ್ಮಾದ್ದಲ್ಲ. ಆ ವಿಧಿ ಶುರುಮಾಡಿದವರು ಇವರು, ಮುಗಿಸಬೇಕಾದವರೂ ಇವರೇ. ಹಾಗಾಗಿ ನಿಯಮದಲ್ಲಿ ಹೇಳಿದ ಜನ ಎಂದರೆ ಈ ಸಂದರ್ಭದಲ್ಲಿ ಇವರೊಬ್ಬರೇ. ಮೇಲ್ವಿಚಾರಕರು ಇದನ್ನು ಬರೆದುಕೊಂಡು, ಎರಡು ಸಲ ಓದಿ, ಇದರಲ್ಲಿ ತಪ್ಪು ಕಾಣುತ್ತಿಲ್ಲ ಎಂದರು. ಮಾವನಿಗೂ ಕಾಣಲಿಲ್ಲ, ಸದ್ಯ.

ಷರತ್ತುಗಳ ಚೌಕಾಸಿ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆಯಿತು. ಒಂದೇ ಏಟು. ಒಂದೇ ಪಟ್ಟಿ, ಅದೂ ಸಂರಕ್ಷಕಿ ತೋರಿಸಿದ್ದು. ಕೈಗೆ ಗವಸು. ಇನ್ನು ಕೋಲು. ಪತ್ತಲಾದ ಅಸಲಿ ಕೋಲುಗಳು ಮೇಲಿನ ಮಹಡಿಯ ಗಾಜಿನ ಕಪಾಟಿನಲ್ಲಿದ್ದವು. ಅವಕ್ಕೆ ಬೇರೆ ವಿಭಾಗ, ಬೇರೆ ಅಧಿಕಾರಿ, ಆ ಅಧಿಕಾರಿ ರಜೆಯಲ್ಲಿ. ಕೊನೆಗೆ ಕ್ಯಾಂಟೀನಿನಿಂದ ಸೂಪು ಕಲಕುವ ಮರದ ಸೌಟು ತರಿಸಿ, ಅದರ ತುದಿಗೆ ಹತ್ತಿ ಸುತ್ತಿ, ಬಿಳಿ ಪಟ್ಟಿಯಿಂದ ಬಿಗಿದರು. ಈರುಳ್ಳಿಯ ವಾಸನೆ ಸ್ವಲ್ಪ ಉಳಿದಿತ್ತು.

ಷಡ್ಜದಿಂದ ಶುರುಮಾಡಬೇಕು ಎಂದು ನಿಮ್ಮತ್ತೆ ಹೇಳುತ್ತಿದ್ದಳು, ಇದರಲ್ಲಿ ಷಡ್ಜ ಯಾವುದು ಎಂದು ಮಾವ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಬಿರುಕಿಲ್ಲದ ಪಟ್ಟಿ ಇದೊಂದೇ ಎಂದು ಸಂರಕ್ಷಕಿ ನಡುವಿನದೊಂದನ್ನು ತೋರಿಸಿದರು. ಬಿರುಕಿಲ್ಲದ್ದೇ ಇವತ್ತು ಷಡ್ಜ ಎಂದು ನಾನು ತೀರ್ಪು ಕೊಟ್ಟೆ. ಮಾವ ಸೌಟು ಹಿಡಿದರು. ಬೆಳಿಗ್ಗೆಯಿಂದ ಹೊಟ್ಟೆಗೆ ಕಾಫಿ ಬಿಟ್ಟರೆ ಏನೂ ಬಿದ್ದಿರಲಿಲ್ಲ. ಬಿದ್ದುಹೋದರೆ ಹಿಡಿಯಬೇಕೆಂದು ನಾನು ಹಿಂದೆ ನಿಂತೆ. ನಾನು ಬಿದ್ದರೆ ಹಿಡಿಯಲೆಂದೋ ಏನೋ, ಮೇಲ್ವಿಚಾರಕರು ನನ್ನ ಹಿಂದೆ ನಿಂತರು.

ಮಾವ ಹೊಡೆದರು. ಠಪ್ ಎಂದಿತು.

ಬೆಂಚಿನ ಮೇಲೆ ಪುಸ್ತಕ ಬಿದ್ದ ಸದ್ದು, ಅಷ್ಟೇ. ಇಷ್ಟು ವರ್ಷ ಕಾಪಾಡಿದ್ದು ಇದಕ್ಕೇನಾ ಅನಿಸಿ ನನಗೆ ಅಳುವೇ ಬಂತು. ಮೇಲ್ವಿಚಾರಕರು ಒಂದು ಏಟು ಆಯಿತೆಂದು ಬರೆದುಕೊಳ್ಳಲು ಪೆನ್ನು ತೆಗೆದರು.

"ಇದು ನುಡಿದಂಗಲ್ಲ," ಎಂದರು ಮಾವ. "ಕಡಿಮೆ ತೂಕ."

ಕಡಿಮೆ ತೂಕದ ಮಾಲಿಗೆ ಅವರು ಜೀವಮಾನದಲ್ಲಿ ಮುದ್ರೆ ಒತ್ತಿದವರಲ್ಲ. ಒಂದೇ ಏಟು ಎಂದು ಒಪ್ಪಿದ್ದೇವೆ ಎಂದು ಮೇಲ್ವಿಚಾರಕರು. ಏಟು ನನ್ನದು, ನುಡಿಯಬೇಕಾದ್ದು ವಾದ್ಯ, ಅದಿನ್ನೂ ನುಡಿದಿಲ್ಲ ಎಂದು ಮಾವ. ಇವರಿಬ್ಬರೂ ಹೀಗೆ ವಾದಿಸುತ್ತ ನಿಂತಿರುವಾಗ ಸಂರಕ್ಷಕಿ ನೆಲದ ಮೇಲೆ ಮಂಡಿಯೂರಿ ಕೂತರು. ದೋಣಿಯ ಬಾಯೊಳಗೆ ಬೆರಳು ತೂರಿಸಿ, ಪಟ್ಟಿಗಳ ಕೆಳಗಿನಿಂದ ಬಿಳಿ ಸ್ಪಂಜಿನ ತುಂಡುಗಳನ್ನು ಒಂದೊಂದಾಗಿ ಎಳೆದು ಹಾಕತೊಡಗಿದರು. ಹುರಿಗೆ ಭಾರ ಬೀಳದಿರಲಿ ಎಂದು ಅವನ್ನು ತುರುಕಿದವರು ಅವರೇ. ತುರುಕಿ ಎಷ್ಟೋ ವರ್ಷವಾಗಿ, ಅವರಿಗೇ ಮರೆತುಹೋಗಿತ್ತು. ಇದರ ಮೈಯ ಒಂದೊಂದು ಗೀರೂ ನನಗೆ ಗೊತ್ತು, ದನಿ ಮಾತ್ರ ನಾನೂ ಕೇಳಿಲ್ಲ ಎಂದು, ಯಾರಿಗೆ ಎಂದಿಲ್ಲದೆ ಹೇಳಿದರು. ಎದ್ದು ನಿಂತು ಮಾವನಿಗೆ ತಲೆಯಾಡಿಸಿದರು. ಮೇಲ್ವಿಚಾರಕರು ಪೆನ್ನು ಜೇಬಿಗೆ ಹಾಕಿಕೊಂಡರು.

ಈ ಸಲ ನುಡಿಯಿತು. ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡುತ್ತಾರಲ್ಲ, ಒಳ್ಳೆಯ ಮಡಕೆ ಕೊಡುವ ಉತ್ತರದ ಹಾಗೆ, ಗುಂಡಗೆ, ಬೆಚ್ಚಗೆ. ಬಹಳ ಹೊತ್ತು ನಿಲ್ಲಲಿಲ್ಲ. ನಾನು ತಿಂಗಳುಗಟ್ಟಲೆ ಒರೆಸಿದ್ದ ಪಟ್ಟಿಗಳಲ್ಲಿ ಅದೂ ಒಂದು. ಇದು ವಾದ್ಯ ಎಂದು ನನ್ನ ಮನಸ್ಸಿಗೆ ತಾಗಿದ್ದು ಆಗಲೇ. ನನಗೆ ತುಂಬ ಸಂತೋಷವಾಯಿತು. ಸಂರಕ್ಷಕಿ ಕನ್ನಡಕ ತೆಗೆದು ಕೈಗವಸಿನಿಂದಲೇ ಕಣ್ಣೊರೆಸಿಕೊಂಡರು. ಆಮೇಲೆ ಆ ಕೈಗವಸನ್ನು ಕಸದ ಬುಟ್ಟಿಗೆ ಹಾಕಿ ಹೊಸದು ಹಾಕಿಕೊಂಡರು.

ಮುಗಿಯಿತು ಎಂದುಕೊಂಡರೆ ಮುಗಿದಿರಲಿಲ್ಲ. ವಿಸರ್ಜನೆಯೆಂದರೆ ಪೂಜೆಗಿಟ್ಟದ್ದನ್ನು ಉತ್ತರಕ್ಕೆ ಚೂರು ಸರಿಸಬೇಕು. ವಸ್ತುವನ್ನು ಎತ್ತುವಂತಿಲ್ಲ ಎಂದರು ಸಂರಕ್ಷಕಿ. ಎತ್ತುವುದು ಬೇಡ, ಮೇಜಿಗೆ ಚಕ್ರವಿದೆಯಲ್ಲ ಎಂದರು ಮಾವ. ಉತ್ತರ ಯಾವ ಕಡೆ ಎಂದು ಚರ್ಚೆಯಾಯಿತು. ಮೇಲ್ವಿಚಾರಕರು ಕಿಟಕಿಯಿಂದ ಚರ್ಚಿನ ಗೋಪುರ ನೋಡಿ ಲೆಕ್ಕ ಹಾಕಿ ಗೋಡೆಯೊಂದನ್ನು ತೋರಿಸಿದರು. ಸಂರಕ್ಷಕಿ ಚಕ್ರದ ಕೀಲಿ ಬಿಟ್ಟರು. ನಾವು ನಾಲ್ಕೂ ಜನ ಮೇಜಿನ ನಾಲ್ಕು ಮೂಲೆ ಹಿಡಿದು, ಪತ್ತಲಾವನ್ನು ಒಂದು ಬೆರಳಗಲ ಉತ್ತರಕ್ಕೆ, ಅಂದರೆ ಫ್ರೀಜರಿನ ಕಡೆಗೆ, ಸರಿಸಿದೆವು.

ಮಾವ ಕುರ್ಚಿಯಲ್ಲಿ ಕುಸಿದು ಕೂತು, ಆ ಬಿಸ್ಕತ್ತು ಇದೆಯೇ ಎಂದು ಕೇಳಿದರು. ಡಬ್ಬಿ ಬಂತು, ಒಂದು ತಿಂದರು. ರೂಢಿಯಂತೆ ಮುಚ್ಚಳ ಬಿತ್ತು. ಸಂರಕ್ಷಕಿ ಅವರ ಮುಖ ನೋಡಿ ಮುಚ್ಚಳವನ್ನು ಮತ್ತೆ ತೆಗೆದು, ಡಬ್ಬಿಯನ್ನು ಅವರ ತೊಡೆಯ ಮೇಲೆ ಇಟ್ಟುಬಿಟ್ಟರು. ಆ ದೇಶದಲ್ಲಿದ್ದಷ್ಟು ವರ್ಷ ಅಂಥದ್ದನ್ನು ನಾನು ಇನ್ನೊಮ್ಮೆ ನೋಡಲಿಲ್ಲ. ಮನೆಗೆ ಬಂದು ಮಾವ ಮಾತ್ರೆ ನುಂಗಿ, ಸಕ್ಕರೆ ಕಾಯಿಲೆಯವರು ತಿನ್ನಬಾರದಷ್ಟು ಒಬ್ಬಟ್ಟು ತಿಂದರು. ನಾನು ಬಯ್ಯುತ್ತಲೇ ತುಪ್ಪ ಹಾಕಿದೆ.

ಅಕ್ಕಿಕಾಳುಗಳು ಒಂದು ಪುಟ್ಟ ಗಾಜಿನ ಸೀಸೆ ಸೇರಿದವು. ಕುಂಕುಮವನ್ನು ಒರೆಸಬೇಕೋ ಬೇಡವೋ ಎಂದು ಬೇರೆ ಮೀಟಿಂಗ್ ಆಗಿ, ಅದೂ ಈಗ ವಸ್ತುವಿನ ಚರಿತ್ರೆಯೇ ಎಂದು ಉಳಿಸಿಕೊಂಡರು. ಅದಕ್ಕೆ ಧೂಳು ಕೂರದ ಹಾಗೆ ವಾರಕ್ಕೊಮ್ಮೆ, ಬೊಟ್ಟನ್ನು ಮುಟ್ಟದೆ, ಸುತ್ತಲೂ ಒರೆಸುವ ಕೆಲಸ ನನ್ನ ಪಾಲಿಗೆ ಬಂತು.

ವೀಸಾ ಮುಗಿದು ಮಾವ ಹೊರಟರು. ವಿಮಾನ ನಿಲ್ದಾಣದಲ್ಲಿ ಏನೋ ಹೇಳಬೇಕೆಂದು ನನ್ನ ಗಂಡನ ಕಡೆ ತಿರುಗಿ, ಅವನು ಟ್ರಾಲಿ ಹುಡುಕಲು ಹೋದದ್ದು ನೋಡಿ, ನನಗೆ ಹೇಳಿದರು.

"ಅವಳು ಬಂದು ಎತ್ಲಿ ಅಂತ ನಾನು ಕಾಯ್ತಾ ಕೂತಿದ್ದೆ ಕಣಮ್ಮ. ಬರಲ್ಲ ಅಂತ ನಂಗೆ ಗೊತ್ತಿಲ್ವಾ?"

ಮೂರನೇ ದಿನ, ನಮಗೆ ಬೆಳಗಿನ ಕಾಫಿಯ ಹೊತ್ತು, ಅಲ್ಲಿ ಊಟದ ಹೊತ್ತು, ಮಾವನ ಫೋನ್ ಬಂತು. ನಾನು ಎತ್ತಿಕೊಂಡೆ. ಸ್ನಾನ ಮಾಡಿ ಮಡಿ ಉಟ್ಟಿದ್ದೇನೆ, ಮಗಳು ಫೋನನ್ನು ದೇವರ ಕೋಣೆಯವರೆಗೆ ಎಳೆದು ಕೊಟ್ಟಿದ್ದಾಳೆ ಎಂದರು. ಗವಸು ಬೇಡ ತಾನೆ ಎಂದು ಕೇಳಿದರು. ಬೇಡ ಮಾವ ಎಂದೆ. ಒಣ ಹಾರ ತೆಗೆದ ಸದ್ದು ಫೋನಿನಲ್ಲಿ ಕೇಳಿಸಿತು. ನಾನು ಗಂಡನನ್ನು ಕರೆದೆ. ನೀರಿನ ಕಡೆ ಹೊರಟವನ ತೋಳು ಹಿಡಿದು ನಿಲ್ಲಿಸಿ, ರಿಸೀವರನ್ನು ಇಬ್ಬರ ಕಿವಿಗಳ ನಡುವೆ ಇಟ್ಟುಕೊಂಡೆ.

ತಂತಿ ಒಂದು ಸಲ ನುಡಿಯಿತು. ಎರಡು ವರ್ಷದಿಂದ ಬಿಗಿಯದ ತಂತಿ, ಶ್ರುತಿ ಎಲ್ಲೋ ಜಾರಿಹೋಗಿ ಅಪಸ್ವರವಾಗಿ ಗುಂಯ್‌ಗುಟ್ಟಿತು. ಅತ್ತೆ ಕೇಳಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಮಾವನಿಗೆ ಅದು ಹೇಗೂ ಗೊತ್ತಾಗುತ್ತಿರಲಿಲ್ಲ. ಕೇಳಿಸಿತಾ, ಸರಿಯಾಗಿ ನುಡಿಯಿತಾ ಎಂದು ಅಲ್ಲಿಂದ ಕೇಳುತ್ತಿದ್ದರು. ನನ್ನ ಗಂಡ ರಿಸೀವರನ್ನು ನನ್ನ ಕೈಯಿಂದ ತೆಗೆದುಕೊಂಡ.

"ಸರಿಯಾಗಿದೆ ಅಪ್ಪ," ಎಂದ. ಆಮೇಲೆ ಕೇಳಿದ, "ಊಟ ಆಯ್ತಾ?"

"ಈಗ ಮಾಡ್ತೀನಪ್ಪ," ಎಂದರು ಮಾವ.